ದೇವಗಡದಲ್ಲಿ ಅಲೆ ಎದ್ದರೆ ಕಲ್ಲೋಳದಲ್ಲಿ ನೀರು ಏರುತ್ತದೆ

ನಕಾಶೆಯಲ್ಲಿ ನಿಪ್ಪಾಣಿಯಿಂದ ಪಡುವಣಕ್ಕೆ ನೇರ ಗೆರೆ ಎಳೆದು ನೋಡಿ. ಅದು ಸಹ್ಯಾದ್ರಿಯನ್ನು ಹತ್ತಿ ಇಳಿದು, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಕೊಂಕಣದ ದೇವಗಡದ ಹತ್ತಿರ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಿಗೆ ಕಡಲತೀರವಿಲ್ಲ. ಆದರೂ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕ ದೇವಗಡದ ಕಡಲಲ್ಲಿ ಗಾಳಿ ಎಷ್ಟು ಜೋರಾಗಿದೆ, ಅಲೆ ಎಷ್ಟು ಎತ್ತರ ಏಳುತ್ತಿದೆ ಎಂಬುದಕ್ಕೂ ಚಿಕ್ಕೋಡಿ ತಾಲೂಕಿನ ಕಲ್ಲೋಳದಲ್ಲಿ ಕೃಷ್ಣೆ ಎಷ್ಟು ಏರುತ್ತಾಳೆ ಎಂಬುದಕ್ಕೂ ನೇರ ನಂಟಿದೆ.

ಹೊಳೆಸಾಲಿನ ಹಿರಿಯರಿಗೆ ಇದು ಗೊತ್ತಿರುವ ಸಂಗತಿ. "ಕೋಕಣದಾಗ ಮಳಿ ಹತ್ತೇತಿ, ಹೊಳಿ ಬರತೈತಿ" ಎಂದು ಅವರು ಹೇಳುತ್ತ ಬಂದಿದ್ದಾರೆ. ಆ ಮಾತಿನ ಹಿಂದಿನ ಲೆಕ್ಕವನ್ನು ಇಂದು ಪ್ರತಿಯೊಬ್ಬ ರೈತನೂ ಮೊಬೈಲಿನಲ್ಲೇ ನೋಡಬಹುದು. ಆರಿದ್ರಾ ಮಳೆ ನಡೆದಿರುವ ಈ ಹೊತ್ತಿನಲ್ಲಿ, ಮುಂದಿನ ಏಳೆಂಟು ವಾರ ಗಾಳಿ ಮತ್ತು ನೀರು ಹೇಗೆ ನಡೆದುಕೊಳ್ಳುತ್ತವೆ, ಅವನ್ನು ಮುಂಚಿತವಾಗಿ ಓದಿಕೊಳ್ಳುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಹೇಳಬೇಕಾದ ಮುಖ್ಯ ಮಾತು ಒಂದೇ: ನಮ್ಮ ಹೊಳೆಯ ಏರಿಳಿತ ನಮ್ಮ ತಲೆಯ ಮೇಲಿನ ಮೋಡದಲ್ಲಿ ತಿಳಿಯುವುದಿಲ್ಲ. ಅದು ತಿಳಿಯುವುದು ಘಟ್ಟದ ಮೇಲಿನ ಗಾಳಿಯಲ್ಲಿ ಮತ್ತು ನಾಲ್ಕಾರು ಅಂಕಿಗಳಲ್ಲಿ.

ಗಾಳಿಯ ದಾರಿ

ಮುಂಗಾರಿನ ಗಾಳಿ ಹುಟ್ಟುವುದು ನಮ್ಮಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ. ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟು, ಸಮಭಾಜಕ ವೃತ್ತವನ್ನು ಆಫ್ರಿಕಾದ ಕರಾವಳಿಯ ಪಕ್ಕದಲ್ಲಿ ದಾಟಿ, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ ಅದು ಅರಬ್ಬಿ ಸಮುದ್ರದ ಮೇಲೆ ಧಾವಿಸುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಈ ಗಾಳಿ ಅತ್ಯಂತ ಬಿರುಸಾಗಿರುತ್ತದೆ. ಹವಾಮಾನ ತಜ್ಞರು ಇದನ್ನು ಸೊಮಾಲಿ ಜೆಟ್ ಎನ್ನುತ್ತಾರೆ. ದಾರಿಯುದ್ದಕ್ಕೂ ಸಮುದ್ರದ ತೇವವನ್ನು ಹೀರಿಕೊಂಡು ಬರುವ ಈ ಗಾಳಿಗೆ ಮೊದಲು ಅಡ್ಡ ಸಿಗುವುದು ಸಹ್ಯಾದ್ರಿಯ ಗೋಡೆ. ಗೋಡೆಗೆ ಬಡಿದು ಮೇಲೇರಿದಾಗ ತಣ್ಣಗಾಗಿ, ಹೊತ್ತು ತಂದ ನೀರನ್ನೆಲ್ಲ ಅಲ್ಲಿಯೇ ಸುರಿಯುತ್ತದೆ.

ಇದೇ ಗಾಳಿ ಕಡಲಲ್ಲಿ ಅಲೆಗಳನ್ನೂ ಎಬ್ಬಿಸುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದು ಮೀನು ಮರಿ ಮಾಡುವ ಕಾಲವೆಂದು. ಕಡಲು ಅತಿ ಒರಟಾಗಿರುವ ಕಾಲವೂ ಅದೇ. ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್, ಕರಾವಳಿಯ ಅಲೆಗಳ ಎತ್ತರದ ಮುನ್ಸೂಚನೆಯನ್ನು ಪ್ರತಿದಿನ ಕೊಡುತ್ತದೆ. ರತ್ನಾಗಿರಿ, ಸಿಂಧುದುರ್ಗ, ಕಾರವಾರದ ಕಡಲಿಗೆ ಎತ್ತರದ ಅಲೆಯ ಎಚ್ಚರಿಕೆ ಬಂದು ಅದರ ಜೊತೆಗೆ ಹವಾಮಾನ ಇಲಾಖೆ ಬಲವಾದ ಪಡುಗಾಳಿಯ ಸೂಚನೆಯನ್ನೂ ಕೊಟ್ಟಿದ್ದರೆ, ಆ ಗಾಳಿ ಆಗಲೇ ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಯ ಕಾಡಿನ ಮೇಲೆ ನೀರು ಸುರಿಯಲು ಶುರುಮಾಡಿರುತ್ತದೆ. ಅಲೆ ಎದ್ದ ದಿನವೇ ಹೊಳೆ ಬರುವುದಿಲ್ಲ. ಒಂದೆರಡು ದಿನಗಳ ಅಂತರವಿರುತ್ತದೆ. ನಮಗೆ ಸಿಗುವ ಬಿಡುವು ಅಷ್ಟೇ, ಅದನ್ನು ಬಳಸಿಕೊಳ್ಳುವುದೇ ಜಾಣತನ.

ಮಳೆಯಿಲ್ಲದ ಊರಿನ ಮಹಾಪೂರ

ಹೊರಗಿನವರಿಗೆ ನಂಬಲು ಕಷ್ಟವಾಗುವ ಒಂದು ನೋಟ ನಮ್ಮ ಭಾಗದಲ್ಲಿ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಕಾಣುತ್ತದೆ. ಅಥಣಿಯ ಪೇಟೆಯಲ್ಲಿ ಬಿಸಿಲು ಬಿದ್ದಿರುತ್ತದೆ, ತೆಲಸಂಗದ ಕಡೆ ಬಿತ್ತಿದ ಹೊಲ ಬಾಡುತ್ತಿರುತ್ತದೆ. ಅದೇ ದಿನ ಅದೇ ತಾಲೂಕಿನ ಹೊಳೆಸಾಲಿನ ಹಳ್ಳಿಗಳಲ್ಲಿ ಜನ ದನಕರು ಹೊಡೆದುಕೊಂಡು ಎತ್ತರದ ಮಡ್ಡಿಗೆ ನಡೆಯುತ್ತಿರುತ್ತಾರೆ.

ಕಾರಣ ಸರಳ. ಗಾಳಿ ಘಟ್ಟದ ನೆತ್ತಿಯಲ್ಲಿ ನೀರು ಸುರಿದ ಮೇಲೆ ಪೂರ್ವಕ್ಕೆ ಇಳಿಯುವಾಗ ಒಣಗಿ ಹೋಗುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಅಥಣಿಯ ಮಡ್ಡಿಗೆ ಬೀಳುವುದು ಹೆಚ್ಚುಕಡಿಮೆ ಅದರ ಹತ್ತನೇ ಒಂದು ಭಾಗ. ನಿಪ್ಪಾಣಿ ಘಟ್ಟಕ್ಕೆ ಹತ್ತಿರವಾದ್ದರಿಂದ ಅಲ್ಲಿ ಜಿಟಿಜಿಟಿ ಮಳೆ ಇರುತ್ತದೆ. ಚಿಕ್ಕೋಡಿ, ರಾಯಬಾಗ ದಾಟಿ ಕಾಗವಾಡ, ಅಥಣಿಗೆ ಬರುವಷ್ಟರಲ್ಲಿ ಉಳಿಯುವುದು ಮೋಡದ ಓಟ ಮತ್ತು ಬರೀ ಗಾಳಿ. ಜುಲೈ ತಿಂಗಳಲ್ಲಿ ಅಥಣಿಯ ಮಡ್ಡಿಯ ಮೇಲೆ ಹಗಲು ರಾತ್ರಿ ಬೀಸುವ ಪಡುಗಾಳಿ ಮಣ್ಣಿನ ಹಸಿಯನ್ನು ಹೀರುತ್ತದೆ. ಅದೇ ಗಾಳಿ ಘಟ್ಟದಲ್ಲಿ ಸುರಿದ ನೀರು ಕೆಳಗಿನ ಹೊಳೆಯಲ್ಲಿ ಮಹಾಪೂರವಾಗಿ ಬರುತ್ತದೆ. ಒಂದೇ ಗಾಳಿಯಿಂದ ಒಂದೇ ತಾಲೂಕಿಗೆ ಬರವೂ ನೆರೆಯೂ ಬರುವುದು ನಮ್ಮ ಭೂಗೋಳದ ಸತ್ಯ.

ಇದನ್ನು ತಿರುಗಿಸಿಯೂ ನೋಡಬೇಕು. ಗಾಳಿ ಬಿದ್ದು, ಸೆಕೆ ಹೆಚ್ಚಿ, ಮಧ್ಯಾಹ್ನದ ಮೇಲೆ ಗುಡುಗು ಕೇಳತೊಡಗಿದರೆ ಮುಂಗಾರು ಬಿಡುವು ತೆಗೆದುಕೊಂಡಿದೆ ಎಂದರ್ಥ. ಘಟ್ಟದಲ್ಲಿ ಮಳೆ ಇಳಿಯುತ್ತದೆ, ಹೊಳೆಯೂ ಇಳಿಯುತ್ತದೆ. ಮಡ್ಡಿಯ ಹೊಲಗಳಿಗೆ ಒಂದೆರಡು ಹದ ಮಳೆ ಸಿಗುವ ಸಾಧ್ಯತೆ ಇರುವುದು ಇಂಥ ದಿನಗಳಲ್ಲೇ. ಅಥಣಿ, ಕಾಗವಾಡದ ಹಿಂಗಾರಿ ಜೋಳಕ್ಕೆ ಬೇಕಾದ ಮಳೆ ಬರುವುದು ಪಡುಗಾಳಿಯ ಅಬ್ಬರ ಮುಗಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನ ಉತ್ತರಾ, ಹಸ್ತ ಮಳೆಗಳಲ್ಲಿ. ಆದ್ದರಿಂದ ಈಗಿನ ಗಾಳಿಯನ್ನು ನೋಡಿ ಮಡ್ಡಿಯ ರೈತ ಧೃತಿಗೆಡಬೇಕಾಗಿಲ್ಲ. ತನ್ನ ಹೊಲದ ಆಕಾಶ ನೋಡಿ ಹೊಳೆಸಾಲಿನ ರೈತ ಮೈಮರೆಯಲೂ ಬಾರದು.

ಯಾವ ಮಳೆಯಲ್ಲಿ ಹೊಳೆ ಬಂತು?

ನಮ್ಮ ರೈತರು ಕಾಲವನ್ನು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತಾರೆ. ಜುಲೈ ಮೊದಲ ವಾರದಲ್ಲಿ ಪುನರ್ವಸು ಹುಟ್ಟುತ್ತದೆ, ಜುಲೈ 20ರ ಸುಮಾರಿಗೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ, ಆಗಸ್ಟ್ ನಡುವಿಗೆ ಮಖಾ. ಈ ಲೆಕ್ಕಕ್ಕೆ ದೊಡ್ಡ ಮಹಾಪೂರದ ವರ್ಷಗಳನ್ನು ಹೊಂದಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. 2005ರ ಮಳೆ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಸುರಿದು, ಘಟ್ಟಕ್ಕೆ ಹಬ್ಬಿ, ಕೃಷ್ಣೆಯನ್ನು ಉಕ್ಕಿಸಿತು. ಅದು ಪುಷ್ಯ. 2019ರ ಆಗಸ್ಟ್ ಮೊದಲೆರಡು ವಾರದ ಮಹಾಪೂರ ಆಶ್ಲೇಷದಲ್ಲಿ. 2021ರ ಜುಲೈ 22-23ರಂದು ಮಹಾಬಳೇಶ್ವರದಲ್ಲಿ 24 ತಾಸಿನಲ್ಲಿ 594 ಮಿ.ಮೀ. ಮಳೆಯಾದದ್ದು, 2024ರ ಜುಲೈ ಕೊನೆಗೆ ಕೊಲ್ಹಾಪುರದ ಪಂಚಗಂಗೆ ಅಪಾಯ ಮಟ್ಟ ದಾಟಿದ್ದು, ಎರಡೂ ಪುಷ್ಯದಲ್ಲಿ. ಅಂದರೆ ಜುಲೈ 20ರಿಂದ ಆಗಸ್ಟ್ 15ರವರೆಗಿನ ನಾಲ್ಕು ವಾರ ನಮ್ಮ ಹೊಳೆಸಾಲಿಗೆ ಅತ್ಯಂತ ಸೂಕ್ಷ್ಮ ಕಾಲ.

ಇದು ನಕ್ಷತ್ರದ ಮಹಿಮೆಯಲ್ಲ, ಎರಡು ಕಾರಣಗಳು ಆ ವಾರಗಳಲ್ಲಿ ಕೂಡಿಬರುತ್ತವೆ. ಮೊದಲನೆಯದು ಬಂಗಾಳ ಕೊಲ್ಲಿ. ಒಡಿಶಾದ ಕರಾವಳಿಯ ಹತ್ತಿರ ವಾಯುಭಾರ ಕುಸಿತ ಉಂಟಾಗಿ ಅದು ಛತ್ತೀಸಗಡ, ಮಧ್ಯಪ್ರದೇಶದ ಕಡೆ ಸರಿದರೆ, ಆ ಸುಳಿ ಅರಬ್ಬಿ ಸಮುದ್ರದ ಗಾಳಿಯನ್ನು ತನ್ನತ್ತ ಎಳೆಯುತ್ತದೆ. ಆಗ ಕೊಂಕಣ ಮತ್ತು ಘಟ್ಟದ ಮೇಲೆ ಪಡುಗಾಳಿ ಬಿರುಸಾಗುತ್ತದೆ. 2019ರ ಆಗಸ್ಟ್ 7ರಂದು ಒಡಿಶಾದ ಬಾಲಾಸೋರ್ ಹತ್ತಿರ ಕರಾವಳಿ ದಾಟಿದ ವಾಯುಭಾರ ಕುಸಿತಕ್ಕೂ ಅದೇ ವಾರ ಅಂಕಲಿ, ಮಾಂಜರಿ, ಇಂಗಳಿಯ ಮನೆಗಳಿಗೆ ನೀರು ನುಗ್ಗಿದ್ದಕ್ಕೂ ಇದ್ದ ಸಂಬಂಧ ಇದೇ. ಪೂರ್ವ ಕರಾವಳಿಯ ಸುದ್ದಿಯನ್ನು ನಾವು ದೂರದ್ದೆಂದು ಬಿಟ್ಟುಬಿಡಬಾರದು.

ಎರಡನೆಯ ಕಾರಣ ಜಲಾಶಯಗಳು. ಜೂನ್ ಕೊನೆಯಲ್ಲಿ ಕೊಯ್ನಾ, ವಾರಣಾ, ಕಾಳಮ್ಮವಾಡಿ, ರಾಧಾನಗರಿ ಜಲಾಶಯಗಳಲ್ಲಿ ಸಾಕಷ್ಟು ಜಾಗವಿರುತ್ತದೆ. ಘಟ್ಟದಲ್ಲಿ ಎಷ್ಟೇ ಮಳೆಯಾದರೂ ಬಹುಪಾಲು ಅಲ್ಲಿ ನಿಲ್ಲುತ್ತದೆ. ಜುಲೈ ಮುಗಿಯುವಷ್ಟರಲ್ಲಿ ಅವು ತುಂಬುತ್ತ ಬರುತ್ತವೆ. ತುಂಬಿದ ಮೇಲೆ ಬಿದ್ದ ಪ್ರತಿ ಹನಿಯೂ ನಮ್ಮ ಕಡೆಗೇ ಬರಬೇಕು.

ಜೂನ್ ಒಣಗಿದರೆ ಆ ವರ್ಷ ಹೊಳೆ ಬರುವುದಿಲ್ಲ ಎಂಬ ನಂಬಿಕೆಯೂ ತಪ್ಪು. 2019ರ ಜೂನ್ ತಿಂಗಳಲ್ಲಿ ದೇಶದ ಮಳೆ ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಆ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರದಲ್ಲಿ ನೀರಿಗಾಗಿ ಹುಡುಕಾಡಿದ ಹಳ್ಳಿಗಳೇ ಆಗಸ್ಟಿನಲ್ಲಿ ಮುಳುಗಿದವು. 2023ರಲ್ಲಿ ಉಲ್ಟಾ ಆಯಿತು. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಮಹಾರಾಷ್ಟ್ರದ ಜಲಾಶಯಗಳಿಂದ ಕೃಷ್ಣೆಗೆ ನೀರು ಬಿಡುವಂತೆ ಕರ್ನಾಟಕದ ಮುಖ್ಯಮಂತ್ರಿ ಪತ್ರ ಬರೆಯಬೇಕಾಯಿತು, ಎಲ್ ನಿನೋ ವರ್ಷದ ಆ ಆಗಸ್ಟ್ ದೇಶದ ದಾಖಲೆಯಲ್ಲೇ ಅತ್ಯಂತ ಒಣ ಆಗಸ್ಟ್ ಆಯಿತು. ಹಾಗಾಗಿ ಒಂದು ತಿಂಗಳ ಮಳೆ ನೋಡಿ ಇನ್ನೊಂದು ತಿಂಗಳ ಹೊಳೆಯನ್ನು ಊಹಿಸಲಾಗದು. ವಾರ ವಾರಕ್ಕೆ ನೋಡುತ್ತಲೇ ಇರಬೇಕು.

ನೀರು ಬರುವ ದಾರಿ, ಅದರ ಲೆಕ್ಕ

ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ ಕರಾಡದಲ್ಲಿ ಕೊಯ್ನೆಯನ್ನೂ, ಸಾಂಗಲಿಯ ಹತ್ತಿರ ಹರಿಪುರದಲ್ಲಿ ವಾರಣೆಯನ್ನೂ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಶಿರೋಳ ತಾಲೂಕಿನ ರಾಜಾಪುರ ಬ್ಯಾರೇಜ್ ದಾಟುತ್ತಾಳೆ. ಇತ್ತ ರಾಧಾನಗರಿ ಕಡೆಯ ಘಟ್ಟದಿಂದ ಬರುವ ದೂಧಗಂಗೆ, ವೇದಗಂಗೆಯನ್ನು ಸೇರಿಸಿಕೊಂಡು ನಿಪ್ಪಾಣಿ, ಸದಲಗಾ ಭಾಗದಲ್ಲಿ ಹರಿದು ಕಲ್ಲೋಳದ ಬಳಿ ಕೃಷ್ಣೆಗೆ ಕೂಡುತ್ತಾಳೆ. ಅದಕ್ಕೇ ಮಳೆಗಾಲದಲ್ಲಿ ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ ಮೂರು ಅಂಕಿಗಳು ಬರುತ್ತವೆ: ರಾಜಾಪುರ ಬ್ಯಾರೇಜಿನಿಂದ ಎಷ್ಟು, ದೂಧಗಂಗೆಯಿಂದ ಎಷ್ಟು, ಎರಡೂ ಕೂಡಿ ಕಲ್ಲೋಳದಲ್ಲಿ ಎಷ್ಟು ಕ್ಯುಸೆಕ್. ಮೂರನೆಯ ಅಂಕಿಯೇ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಹೊಳೆಸಾಲಿನ ಹಣೆಬರಹ.

ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ (ಶತಕೋಟಿ ಘನ ಅಡಿ) ಆಗುತ್ತದೆ. ಕೊಯ್ನಾ ಜಲಾಶಯದ ಪೂರ್ಣ ಸಾಮರ್ಥ್ಯ 105.25 ಟಿಎಂಸಿ. ತುಂಬಿದ ಕೊಯ್ನಾದಷ್ಟು ನೀರು ಒಂದು ಲಕ್ಷ ಕ್ಯುಸೆಕ್‌ನಂತೆ ಹರಿದರೆ ಖಾಲಿಯಾಗಲು ಹನ್ನೆರಡು ದಿನ ಬೇಕು. ವಾರಣಾದಲ್ಲಿ 34.40, ದೂಧಗಂಗೆಯ ಕಾಳಮ್ಮವಾಡಿಯಲ್ಲಿ 25.40 ಟಿಎಂಸಿ ಹಿಡಿಯುತ್ತದೆ. ರಾಧಾನಗರಿ ಚಿಕ್ಕದು, ಆದರೆ ಅದರ ಏಳು ಗೇಟುಗಳು ಜಲಾಶಯ ತುಂಬಿದೊಡನೆ ತಾವಾಗಿ ತೆರೆದುಕೊಳ್ಳುತ್ತವೆ, ಒಂದೊಂದರಿಂದ 1,428 ಕ್ಯುಸೆಕ್ ಹೊರಬೀಳುತ್ತದೆ. ರಾಧಾನಗರಿಯ ಸ್ವಯಂಚಾಲಿತ ಗೇಟು ತೆರೆಯಿತು ಎಂಬ ಸುದ್ದಿ ಆ ಜಲಾಶಯವಿರುವ ಭೋಗಾವತಿ ನದಿಯ ಕೊಳ್ಳದಲ್ಲಿ ಇನ್ನು ನೀರು ನಿಲ್ಲಲು ಜಾಗವಿಲ್ಲ ಎಂಬುದರ ಸೂಚನೆ.

ಜಲಾಶಯದ ಅಂಕಿ ಒಂದನ್ನೇ ನೋಡಿದರೂ ಸಾಲದು. ಜಲಾಶಯಗಳ ಕೆಳಗೆ ಘಟ್ಟದ ಸೆರಗಿನಿಂದ ಸಾಂಗಲಿ, ಕೊಲ್ಹಾಪುರದವರೆಗೆ ಹಬ್ಬಿದ ನೆಲದಲ್ಲಿ ಬೀಳುವ ಮಳೆಗೆ ಯಾವ ತಡೆಯೂ ಇಲ್ಲ. 2021ರಲ್ಲಿ ಹೊಳೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಏರಿದ್ದಕ್ಕೆ ಆ ನೆಲದ ಮೇಲೂ ಮಳೆ ಸುರಿದದ್ದು ಒಂದು ಮುಖ್ಯ ಕಾರಣ. ಆ ಜುಲೈನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಹರಿದು, ಲಾರಿಗಳ ಸಾಲು ನಿಂತುಬಿಟ್ಟಿತ್ತು. ಕೊಯ್ನಾದ ಗೇಟಿನಿಂದ ಬಿಟ್ಟ ನೀರು ನಮ್ಮಲ್ಲಿಗೆ ಬರಲು ಒಂದು ದಿನಕ್ಕೂ ಹೆಚ್ಚು ಬೇಕು. ಪನ್ಹಾಳಾ, ಕಾಗಲ ಕಡೆ ರಾತ್ರಿ ಸುರಿದ ಮಳೆಯ ನೀರು ಅಷ್ಟು ಹೊತ್ತು ಕಾಯುವುದಿಲ್ಲ.

ಹೊಳೆ ಹಿಂದಕ್ಕೆ ಸರಿದಾಗ

ಸಾಂಗಲಿಯಿಂದ ಕುಡಚಿಯವರೆಗೆ ಕೃಷ್ಣೆಯ ಪಾತ್ರದ ಇಳಿಜಾರು ತೀರಾ ಕಡಿಮೆ. ನದಿ ಡೊಂಕುಡೊಂಕಾಗಿ ಸುತ್ತುತ್ತ ನಿಧಾನವಾಗಿ ಹರಿಯುತ್ತದೆ. ಇಂಥ ಕಡೆ ದೊಡ್ಡ ಹೊಳೆ ತುಂಬಿದರೆ ಅದಕ್ಕೆ ಕೂಡಬೇಕಾದ ಚಿಕ್ಕ ಹೊಳೆಗೆ ಬಾಗಿಲು ಮುಚ್ಚಿದಂತಾಗುತ್ತದೆ. ಕೃಷ್ಣೆ ತುಂಬಿದಾಗ ನರಸೋಬಾವಾಡಿಯಲ್ಲಿ ಪಂಚಗಂಗೆ ನಿಲ್ಲುತ್ತದೆ, ಕಲ್ಲೋಳದಲ್ಲಿ ದೂಧಗಂಗೆ ನಿಲ್ಲುತ್ತದೆ. ನಿಂತ ನೀರು ಹಿಂದಕ್ಕೆ ಸರಿದು ಅಕ್ಕಪಕ್ಕದ ಕಬ್ಬಿನ ಗದ್ದೆಗಳಿಗೆ ಹರಡುತ್ತದೆ. ನಿಪ್ಪಾಣಿ ತಾಲೂಕಿನಲ್ಲಿ ಮಳೆ ನಿಂತು ಎರಡು ದಿನವಾದರೂ ಕಾರದಗಾ, ಭೋಜ, ಕುನ್ನೂರಿನ ನೀರು ಇಳಿಯದಿರುವುದಕ್ಕೆ ಇದೇ ಕಾರಣ.

ಮೊದಲು ಮುಳುಗುವುದು ತಗ್ಗಿನಲ್ಲಿ ಕಟ್ಟಿದ ಬ್ಯಾರೇಜ್ ಸೇತುವೆಗಳು. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ, ಮಮದಾಪುರ-ಹುನ್ನರಗಿ: ಈ ಹೆಸರುಗಳನ್ನು ಪ್ರತಿ ವರ್ಷ ಮಳೆಗಾಲದಲ್ಲಿ ಓದುತ್ತೇವೆ. ಇವು ನೀರು ನಿಲ್ಲಿಸಲೆಂದು ಕಟ್ಟಿದವು, ಮೇಲಿನ ದಾರಿ ಆ ಮೇಲಿನ ಅನುಕೂಲ. ಹೀಗಾಗಿ ಕಲ್ಲೋಳದ ಹರಿವು ಲಕ್ಷ ಕ್ಯುಸೆಕ್ ತಲುಪುವ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವು ನೀರಿನಡಿ ಸೇರಿರುತ್ತವೆ. ಎರಡು ಲಕ್ಷ ದಾಟಿದರೆ ತೋಟದ ವಸತಿಗಳಲ್ಲಿ ಇರುವವರು ಹೊರಡುವ ಸಮಯ ಬಂತೆಂದೇ ತಿಳಿಯಬೇಕು. ಕುಡಚಿ-ಉಗಾರ ಸೇತುವೆಯ ಮೇಲೆ ನೀರು ಬಂದರೆ ರಾಯಬಾಗ ಮತ್ತು ಕಾಗವಾಡದ ನಡುವಿನ ಹತ್ತಿರದ ದಾರಿ ಕಡಿದುಹೋಗುತ್ತದೆ.

ಕೆಳಗಡೆ ಹಿಪ್ಪರಗಿ ಬ್ಯಾರೇಜ್ ಇದೆ, ಅದರಾಚೆ 123 ಟಿಎಂಸಿಯ ಆಲಮಟ್ಟಿ. ಮಹಾಪೂರ ಬಂದಾಗಲೆಲ್ಲ ಸಾಂಗಲಿ, ಕೊಲ್ಹಾಪುರದಲ್ಲಿ ಆಲಮಟ್ಟಿಯ ಮೇಲೆ ಬೆರಳು ತೋರಿಸುತ್ತಾರೆ. ಆದರೆ 2019ರ ಮಹಾಪೂರದ ಬಳಿಕ ಮಹಾರಾಷ್ಟ್ರ ಸರಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ, ಆ ನೆರೆಗೆ ಆಲಮಟ್ಟಿ, ಹಿಪ್ಪರಗಿ ಕಾರಣವಲ್ಲ ಎಂದು ವರದಿ ಕೊಟ್ಟಿತು. ಆ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಡಲಾಗಿತ್ತು. ಎರಡೂ ದಂಡೆಯ ಜನರಿಗೆ ಬೇಕಾದದ್ದು ದೂರುವ ಮಾತಿಗಿಂತ, ಎರಡೂ ರಾಜ್ಯದ ಅಂಕಿಗಳು ಹೊತ್ತುಹೊತ್ತಿಗೆ ಒಂದೆಡೆ ಸಿಗುವ ವ್ಯವಸ್ಥೆ.

ಮುಂದಿನ ವಾರಗಳನ್ನು ಓದುವ ಬಗೆ

ದಿನದ ಮುನ್ಸೂಚನೆ ನೋಡುವುದು ಈಗ ಎಲ್ಲರಿಗೂ ರೂಢಿಯಾಗಿದೆ. ಅದಕ್ಕೂ ಮುಂದಿನದನ್ನು ನೋಡಲು ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮಳೆಯ ಅಂದಾಜು ಪ್ರಕಟಿಸುತ್ತದೆ. ಇದರಲ್ಲಿ ಮೊದಲ ಎರಡು ವಾರದ ಅಂದಾಜಿಗೆ ಹೆಚ್ಚು ಬೆಲೆ, ಮೂರು ಮತ್ತು ನಾಲ್ಕನೆಯ ವಾರದ್ದು ಒಂದು ದಿಕ್ಸೂಚಿ ಮಾತ್ರ. ಅದರಲ್ಲಿ ಉತ್ತರ ಒಳನಾಡು ಕರ್ನಾಟಕ ಎಂಬ ಸಾಲನ್ನು ನೋಡಿ ನಿಲ್ಲಬೇಡಿ. ನಮ್ಮ ಹೊಳೆಗೆ ಸಂಬಂಧಿಸಿದ್ದು ಕೊಂಕಣ-ಗೋವಾ ಮತ್ತು ಮಧ್ಯ ಮಹಾರಾಷ್ಟ್ರ ಎಂಬ ಎರಡು ಸಾಲು.

ದಿನದ ಎಚ್ಚರಿಕೆಯ ಬಣ್ಣಗಳನ್ನೂ ಅದೇ ರೀತಿ ಓದಬೇಕು. ಸಾತಾರಾ ಮತ್ತು ಕೊಲ್ಹಾಪುರ ಜಿಲ್ಲೆಗಳ ಘಟ್ಟ ಪ್ರದೇಶಕ್ಕೆ ಯಾವ ಬಣ್ಣ ಕೊಟ್ಟಿದ್ದಾರೆ ನೋಡಿ. 24 ತಾಸಿನಲ್ಲಿ 64.5 ಮಿ.ಮೀ. ಮೀರಿದರೆ ಭಾರಿ ಮಳೆ, 115.6 ಮೀರಿದರೆ ಅತಿ ಭಾರಿ, 204.5 ಮೀರಿದರೆ ಅತ್ಯಂತ ಭಾರಿ ಮಳೆ ಎನ್ನುತ್ತಾರೆ. ಘಟ್ಟಕ್ಕೆ ಕಿತ್ತಳೆ ಅಥವಾ ಕೆಂಪು ಬಣ್ಣ ಒಂದು ದಿನ ಬಂದು ಹೋದರೆ ಹೊಳೆ ತಡೆದುಕೊಳ್ಳುತ್ತದೆ. ಮೂರು ನಾಲ್ಕು ದಿನ ಬಿಡದೆ ನಿಂತರೆ, ಅದರ ಮೇಲೆ ಜಲಾಶಯಗಳು ಮುಕ್ಕಾಲು ಪಾಲು ತುಂಬಿದ್ದರೆ, ಆಗ ಕಾಯಬಾರದು.

ನಂತರ ನೋಡಬೇಕಾದದ್ದು ಎರಡು ಊರಿನ ಅಡಿಗಳು. ಕೊಲ್ಹಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆಗೆ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ಕೃಷ್ಣೆಗೆ 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. 2019ರಲ್ಲಿ ಸಾಂಗಲಿಯ ಮಟ್ಟ 57 ಅಡಿ ಮುಟ್ಟಿತ್ತು. ಕೊಲ್ಹಾಪುರದಲ್ಲಿ 2019ರಲ್ಲಿ 55, 2021ರಲ್ಲಿ 56 ಅಡಿ ದಾಟಿತ್ತು. ಈ ಎರಡು ಕಡೆ ಅಡಿ ಏರುತ್ತಿದ್ದರೆ ನಮ್ಮಲ್ಲಿ ಬಿಸಿಲಿದ್ದರೂ ನೀರು ದಾರಿಯಲ್ಲಿದೆ ಎಂದು ತಿಳಿಯಿರಿ. ನರಸೋಬಾವಾಡಿಯ ದತ್ತ ಮಂದಿರದಲ್ಲಿ ನೀರು ಗರ್ಭಗುಡಿಯನ್ನು ಹಾಯ್ದು ದಕ್ಷಿಣದ ಬಾಗಿಲಿನಿಂದ ಹೊರಬರುವ ದಕ್ಷಿಣದ್ವಾರ ಸೋಹಳಾ ಆದಾಗ ಗಡಿಯ ಎರಡೂ ಕಡೆಯ ಭಕ್ತರು ಕೈಮುಗಿಯುತ್ತಾರೆ. ಕೈಮುಗಿದು ಬಂದವರು ಮನೆಯ ಕಾಳಿನ ಚೀಲಗಳನ್ನೂ ಎತ್ತರಕ್ಕೆ ಇಡಬೇಕು, ಏಕೆಂದರೆ ವಾಡಿಯ ಆ ನೀರಿನ ಮುಂದಿನ ನಿಲ್ದಾಣ ರಾಜಾಪುರ, ಅದರ ಮುಂದಿನದು ನಾವೇ.

ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಆ್ಯಪ್‌ನಲ್ಲಿ ನದಿಮಟ್ಟಗಳೂ ಮುನ್ಸೂಚನೆಯೂ ಸಿಗುತ್ತವೆ. ಆದರೆ ಅಂಕಿ ಗೊತ್ತಾದರೆ ಸಾಲದು, ಅದು ನಿಮ್ಮ ಹೊಲದಲ್ಲಿ ಎಲ್ಲಿಗೆ ಬರುತ್ತದೆ ಎಂಬುದು ಗೊತ್ತಿರಬೇಕು. ಇದಕ್ಕೊಂದು ಸುಲಭದ ದಾರಿಯಿದೆ. ಕಲ್ಲೋಳದ ಹರಿವು ಒಂದು ಲಕ್ಷ ಇದ್ದ ದಿನ ನೀರು ಎಲ್ಲಿತ್ತು, ಒಂದೂವರೆ ಲಕ್ಷ ಇದ್ದಾಗ ಯಾವ ಬದುವಿಗೆ ಬಂತು, ಎರಡು ಲಕ್ಷಕ್ಕೆ ಯಾವ ಮರದ ಬುಡ ಮುಟ್ಟಿತು ಎಂದು ಬರೆದಿಟ್ಟುಕೊಳ್ಳಿ. ವಿದ್ಯುತ್ ಕಂಬಕ್ಕೋ ಗುಡಿಯ ಕಟ್ಟೆಗೋ ಬಣ್ಣದಲ್ಲಿ ಗೆರೆ ಎಳೆಯಿರಿ. ಎರಡು ಮಳೆಗಾಲ ಹೀಗೆ ಮಾಡಿದರೆ ಆ ಊರಿಗೆ ತನ್ನದೇ ಆದ ಮಾಪನ ಸಿದ್ಧವಾಗುತ್ತದೆ. ಅದು ಯಾವ ಕಚೇರಿಯಲ್ಲೂ ಸಿಗದ ಮಾಹಿತಿ.

ಗಾಳಿಗೂ ನೀರಿಗೂ ಸಿದ್ಧತೆ

ಈಗಿನಿಂದ ಪುಷ್ಯ ಹುಟ್ಟುವವರೆಗೆ ಸಿಗುವ ದಿನಗಳು ಸಿದ್ಧತೆಯ ದಿನಗಳು. ಹೊಳೆಯ ದಂಡೆಯಲ್ಲಿರುವ ಪಂಪ್‌ಸೆಟ್, ಸ್ಟಾರ್ಟರ್, ಪೈಪುಗಳನ್ನು ನೀರು ಬಂದ ಮೇಲೆ ಎತ್ತಲು ಹೋಗಿ ಜೀವಕ್ಕೆ ಆಪತ್ತು ತಂದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ನೀರು ಏರತೊಡಗಿದ ಮೇಲೆ ಮೋಟಾರಿನ ಆಸೆ ಬಿಡಬೇಕು. ವಿದ್ಯುತ್ ಸಂಪರ್ಕ ತಪ್ಪಿಸಿದ ಖಾತ್ರಿಯಿಲ್ಲದೆ ಅದರ ಹತ್ತಿರ ಹೋಗಲೇಬಾರದು. ಕಣಕಿ, ಹೊಟ್ಟಿನ ಬಣಿವೆಗಳನ್ನು ಮಡ್ಡಿಯ ನೆಂಟರ ಹೊಲಕ್ಕೆ ಈಗಲೇ ಸಾಗಿಸಿ. ದನಕರುಗಳಿಗೆ ನೆರೆಯಷ್ಟೇ ಮೇವಿನ ಕೊರತೆಯೂ ಸಂಕಟ ತರುತ್ತದೆ. ಪಡಿತರ ಚೀಟಿ, ಪಹಣಿ, ಬ್ಯಾಂಕಿನ ಪುಸ್ತಕ, ಮಕ್ಕಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದೆಡೆ ಕಟ್ಟಿಡಿ. ನಡೆಯಲಾಗದ ಹಿರಿಯರು, ಬಸುರಿ ಬಾಣಂತಿಯರು ಇರುವ ಮನೆಯವರು ಡಂಗುರ ಸಾರುವವರೆಗೆ ಕಾಯದೆ ಮೊದಲೇ ಹೊರಡಬೇಕು. ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಅಲ್ಲಿಗೆ ಹೋಗುವ ದಾರಿ ನೀರು ಬಂದಾಗ ತೆರೆದಿರುತ್ತದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಈಗಲೇ ಕೇಳಿ.

ಗಾಳಿಯ ಬಗೆಗೂ ಎಚ್ಚರ ಬೇಕು. ಎತ್ತರ ಬೆಳೆದ ಕಬ್ಬಿನ ಬುಡದ ಮಣ್ಣು ನೆನೆದಾಗ ಬಿರುಗಾಳಿ ಬಂದರೆ ಇಡೀ ಪಡವೇ ನೆಲಕ್ಕೆ ಮಲಗುತ್ತದೆ. ಬುಡಕ್ಕೆ ಮಣ್ಣು ಏರಿಸುವುದು, ಒಣ ರವದಿ ತೆಗೆದು ಸಾಲುಗಳನ್ನು ಕೂಡಿಸಿ ಕಟ್ಟುವುದು ಇದಕ್ಕೆ ಹಳೆಯ ಮದ್ದು. ಇನ್ನು ಮಹಾಪೂರದ ನೀರು ಹರಡಿಕೊಂಡಾಗ ಹೊಳೆ ಮೈಲಿಗಟ್ಟಲೆ ಅಗಲವಾಗುತ್ತದೆ. ಅಡ್ಡ ಮರಗಿಡಗಳಿಲ್ಲದ ಆ ಬಯಲು ನೀರಿನ ಮೇಲೆ ಪಡುಗಾಳಿ ಬೀಸಿದರೆ ಕಡಲಿನಂತೆಯೇ ಅಲೆಗಳು ಏಳುತ್ತವೆ. ಜನ, ದನ, ಮೋಟಾರ್‌ಸೈಕಲ್ ತುಂಬಿದ ದೋಣಿ ಅಂಥ ಅಲೆಗೆ ವಾಲುತ್ತದೆ. ಜೀವರಕ್ಷಕ ಜಾಕೀಟು ಇಲ್ಲದೆ ದೋಣಿ ಹತ್ತಬಾರದು, ಗಾಳಿ ಜೋರಿರುವ ಮಧ್ಯಾಹ್ನಕ್ಕಿಂತ ಬೆಳಗಿನ ಹೊತ್ತು ಲೇಸು. ನೀರಿನೊಂದಿಗೆ ಮೊಸಳೆಗಳೂ ದಂಡೆಯ ಗದ್ದೆಗಳಿಗೆ ಬರುತ್ತವೆ, ಹಾವುಗಳು ಮನೆಯ ಮೂಲೆ ಸೇರುತ್ತವೆ. ನೀರು ಇಳಿದ ಮೇಲೂ ಕೆಲವು ದಿನ ಬರಿಗಾಲಲ್ಲಿ ನಡೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮುಳುಗಿದ ಬ್ಯಾರೇಜಿನ ಮೇಲೆ ಕಾಲಿಡಬೇಡಿ. ನೀರು ಮೊಣಕಾಲಷ್ಟೇ ಇದೆ ಎಂದು ಕಂಡರೂ ಕೆಳಗಿನ ಕಂಬಗಳ ನಡುವೆ ಅದು ಸೆಳೆಯುವ ಬಲ ಟ್ರ್ಯಾಕ್ಟರನ್ನೂ ಹೊರಳಿಸಬಲ್ಲದು. ಬದಿಯ ಕಟ್ಟೆ ಕಾಣದ ಆ ದಾರಿಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಸುಳಿ. ಇಪ್ಪತ್ತು ಕಿಲೋಮೀಟರ್ ಸುತ್ತು ಹಾಕುವುದು ಕಷ್ಟವೇ, ಆದರೆ ಆ ಸುತ್ತು ದಾರಿ ಮನೆಗೆ ಮುಟ್ಟಿಸುತ್ತದೆ.

ಅಧಿಕಾರಿಗಳಿಗೂ ಒಂದು ಬೇಡಿಕೆ. ಮಳೆಗಾಲದ ಪ್ರತಿದಿನ ಬೆಳಗ್ಗೆ ಪ್ರತಿ ಹೊಳೆಸಾಲಿನ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಏಳು ಅಂಕಿಗಳನ್ನು ಬರೆಯುವ ವ್ಯವಸ್ಥೆಯಾಗಲಿ: ಕೊಯ್ನಾದ ಸಂಗ್ರಹ ಮತ್ತು ಹೊರಹರಿವು, ಕೊಲ್ಹಾಪುರದ ಅಡಿ, ಸಾಂಗಲಿಯ ಅಡಿ, ರಾಜಾಪುರದ ಕ್ಯುಸೆಕ್, ದೂಧಗಂಗೆಯ ಕ್ಯುಸೆಕ್, ಹಿಪ್ಪರಗಿಯ ಹೊರಹರಿವು. ಇದಕ್ಕೆ ಬೇಕಾಗುವುದು ಒಂದು ಕರಿಹಲಗೆ, ಒಂದು ಸುಣ್ಣದಕಡ್ಡಿ, ಹೊಣೆ ಹೊತ್ತ ಒಬ್ಬ ಸಿಬ್ಬಂದಿ. ಅದರ ಜೊತೆಗೆ, ಹೊಳೆ ತುಂಬಿ ಹರಿಯುವ ಇದೇ ವಾರಗಳಲ್ಲಿ ಏತ ನೀರಾವರಿಯ ಪಂಪುಗಳು ಹಗಲಿರುಳು ನಡೆದು ಅಥಣಿ, ಕಾಗವಾಡದ ಮಡ್ಡಿಯ ಕೆರೆಗಳು ತುಂಬಬೇಕು. ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಜನ ಬಯಸಿದ್ದು ಇದನ್ನೇ. ಕೆಳಗಿನವರ ಮನೆ ಮುಳುಗಿಸುವ ನೀರು ಮೇಲಿನವರ ಬಾಯಾರಿಕೆ ತಣಿಸದೆ ಹರಿದುಹೋಗುವುದು ಸರಿಯಲ್ಲ.

ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಈ ಗುರುವಾರದಿಂದ ಮಖಾ ಮಳೆ ಹುಟ್ಟುವವರೆಗೆ ಪ್ರತಿ ವಾರ ಕೊಂಕಣ ಮತ್ತು ಮಧ್ಯ ಮಹಾರಾಷ್ಟ್ರದ ಮುನ್ಸೂಚನೆ ನೋಡಿ, ಪ್ರತಿದಿನ ರಾಜಾಪುರ ಮತ್ತು ಕಲ್ಲೋಳದ ಅಂಕಿ ಓದಿ, ಮೊಬೈಲ್ ಇಲ್ಲದ ಪಕ್ಕದ ಮನೆಯವರಿಗೂ ಅದನ್ನು ಹೇಳಿ. ಘಟ್ಟದಲ್ಲಿ ಗಾಳಿ ಎದ್ದ ಸುದ್ದಿ ಬಂದ ದಿನವೇ ದನ ಬಿಚ್ಚಿದವನಿಗೆ ಮಹಾಪೂರ ಬೆಳೆಯ ನಷ್ಟ ತರಬಹುದು, ಜೀವದ ನಷ್ಟ ತರುವುದಿಲ್ಲ.